ಗೂಡುದೀಪವೋ, ಕುಸ್ವಾರ್ ಡಬ್ಬವೋ?

ಮಂಗಳೂರು, ಉಡುಪಿಯ ಕಾಲೇಜು ತಂಡಗಳಿಗೆ ದೇಣಿಗೆ ಕೂಡಿಸಲು ಹಬ್ಬದ ಕಾಲದಲ್ಲಿ ಎರಡು ಒಳ್ಳೆಯ ದಾರಿಗಳಿವೆ. ದೀಪಾವಳಿಗೆ ಗೂಡುದೀಪ, ಅಂದರೆ ಆಕಾಶಬುಟ್ಟಿ. ಕ್ರಿಸ್ಮಸ್‌ಗೆ ಕುಸ್ವಾರ್, ಅಂದರೆ ಕರಾವಳಿಯ ಕ್ರೈಸ್ತರು ಹಬ್ಬಕ್ಕೆ ಮಾಡಿ ಹಂಚುವ ಬಗೆಬಗೆಯ ತಿಂಡಿ.

ಕೈಯಲ್ಲಿ ದುಡ್ಡು ಕಡಿಮೆ, ಜನ ಹೆಚ್ಚು ಎಂದಾದರೆ ಗೂಡುದೀಪವೇ ಸರಿ. ಬಿದಿರಿನ ಕಡ್ಡಿ, ನೂಲು, ಬಣ್ಣದ ಕಾಗದ, ಮೈದಾ ಅಂಟು ಇಷ್ಟು ಸಾಕು. ಕಡ್ಡಿಯನ್ನು ಹಿಂದಿನ ರಾತ್ರಿಯೇ ನೆನೆಸಿಡಿ, ಬಾಗಿಸುವಾಗ ಸೀಳುವುದಿಲ್ಲ. ಆದರೆ ಚೌಕಟ್ಟು ಪೂರ್ತಿ ಒಣಗಿದ ಮೇಲೆಯೇ ಕಾಗದ ಅಂಟಿಸಿ. ಹಸಿ ಇದ್ದರೆ ಎರಡೇ ದಿನಕ್ಕೆ ಕಾಗದ ಜೋಲುತ್ತದೆ, ಬೂಸ್ಟು ಹಿಡಿಯುತ್ತದೆ. ಅಕ್ಟೋಬರ್ ಸಂಜೆಯ ಮಳೆಯೇ ದೊಡ್ಡ ಶತ್ರು, ಹಾಗಾಗಿ ಮಾರಾಟದ ಮೇಜು ಮಾಡಿನ ಕೆಳಗಿರಲಿ. ಒಳಗೆ ಬಿಸಿಯಾಗದ ಸಣ್ಣ ಎಲ್‌ಇಡಿ ಬಲ್ಬ್ ಮಾತ್ರ. ಒಂದು ಗೂಡುದೀಪದ ಸಾಮಗ್ರಿಗೆ ₹80 ಬಿದ್ದರೆ ₹150ಕ್ಕಿಂತ ಕಡಿಮೆಗೆ ಕೊಡಬೇಡಿ. ಹಬ್ಬ ಮುಗಿದ ಮರುದಿನ ಉಳಿದದ್ದನ್ನು ಯಾರೂ ಕೇಳುವುದಿಲ್ಲ.

ಕುಸ್ವಾರ್‌ನಲ್ಲಿ ನಷ್ಟದ ಭಯ ಕಡಿಮೆ, ಏಕೆಂದರೆ ಮುಂಗಡ ಆರ್ಡರ್ ಸಿಗುತ್ತದೆ. ಡಿಸೆಂಬರ್ ಮೊದಲ ವಾರದಲ್ಲೇ ಅರ್ಧ ಹಣ ಪಡೆದು ಪಟ್ಟಿ ಮುಚ್ಚಿ. ಹಾಸ್ಟೆಲ್ ಅಡುಗೆಮನೆಯಲ್ಲಿ ಕರಿಯುವ ಸಾಹಸ ಬೇಡ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಇರುವ ಮನೆ ತಯಾರಕರಿಂದ ಸಗಟಾಗಿ ತಂದು ಅರ್ಧ ಕಿಲೋ ಡಬ್ಬ ತುಂಬಿಸಿ. ತಿಂಡಿ ಪೂರ್ತಿ ತಣಿದಿರಬೇಕು, ಇಲ್ಲವಾದರೆ ಮುಚ್ಚಳದಡಿ ಬೆವರು ಕೂತು ಕುಲ್‌ಕುಲ್ (ಸುರುಳಿಯಾಗಿ ಕರಿದ ಸಣ್ಣ ಸಿಹಿ ತಿಂಡಿ) ಮೆತ್ತಗಾಗುತ್ತದೆ. ಕರ್ಜಿಕಾಯಿಯಂಥ ನೆವ್ರಿಯ ಹೂರಣದಲ್ಲಿ ಹಸಿ ತೆಂಗಿನಕಾಯಿ ಇದ್ದರೆ ಬೇಗ ಹಳಸುತ್ತದೆ, ಹುರಿದ ಎಳ್ಳು, ಒಣಕೊಬ್ಬರಿಯದನ್ನೇ ಕೇಳಿ. ಹೂವಿನಾಕಾರದ ರೋಸ್ ಕುಕ್ಕಿ ಬೇಗ ಮುರಿಯುತ್ತದೆ, ಅದನ್ನು ಕೊನೆಗೆ, ಎಲ್ಲದರ ಮೇಲೆ ಇಡಿ.

ಮೊದಲ ವರ್ಷದ ತಂಡಕ್ಕೆ ನಮ್ಮ ಆಯ್ಕೆ ಕುಸ್ವಾರ್, 50 ಡಬ್ಬಗಳಿಗೆ ಮಿತಿ ಹಾಕಿಕೊಂಡು.