ಫೀಟಲ್ ಬೊವೈನ್ ಸೀರಂ: ಲಾಟ್ ನೋಡದೆ ಬಾಟಲಿ ಕೊಳ್ಳಬೇಡಿ

ಸೆಲ್ ಕಲ್ಚರ್, ಅಂದರೆ ಜೀವಕೋಶಗಳನ್ನು ಪಾತ್ರೆಯಲ್ಲಿ ಬೆಳೆಸುವ ಕೆಲಸ, ಮಾಡುವ ಯಾವ ಲ್ಯಾಬಿಗೆ ಹೋದರೂ ಮೈನಸ್ 20 ಡಿಗ್ರಿ ಫ್ರೀಜರಿನಲ್ಲಿ ಈ ಬಾಟಲಿ ಇದ್ದೇ ಇರುತ್ತದೆ. 500 ಮಿ.ಲೀ., ಜೇನು ಬಣ್ಣದ ದ್ರವ, ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆದ ಯಾರದೋ ಹೆಸರು. ಸೆಲ್ ಬೆಳೆಸುವ ಪೋಷಕ ದ್ರವಕ್ಕೆ ಸೇರಿಸುವ ಫೀಟಲ್ ಬೊವೈನ್ ಸೀರಂ ಇದು; ಲ್ಯಾಬಿನ ಮಾತಿನಲ್ಲಿ ಎಫ್‌ಬಿಎಸ್, ಇಲ್ಲಾಂದ್ರೆ ಬರೀ ಸೀರಂ. ಕಲ್ಚರ್ ರೂಮಿನ ಖರ್ಚಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ. ಆದರೂ ಕೊಳ್ಳುವಾಗ ಹೆಚ್ಚಿನವರು ನೋಡುವುದು ಎರಡೇ ವಿಷಯ: ಕೊಟೇಶನ್‌ನಲ್ಲಿರುವ ಬೆಲೆ, ಮತ್ತೆ ಎಷ್ಟು ಬೇಗ ಬರುತ್ತದೆ ಅನ್ನುವುದು. ಹೊಸದಾಗಿ ಪಿಎಚ್‌ಡಿ ಸೇರಿದವರು, ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿರುವವರು, ಸೀರಂ ಆರ್ಡರ್ ಮಾಡುವ ಕೆಲಸ ಹೆಗಲಿಗೆ ಬಿದ್ದವರು ಇದನ್ನು ಓದಿ.

ಕಂಪನಿ ಕಂಪನಿಗಳನ್ನು ತೂಗಿ ನೋಡಲು ಹೋಗುವುದಿಲ್ಲ. ಒಂದೇ ಕಂಪನಿಯ, ಬೇರೆ ಬೇರೆ ಸಲ ತಯಾರಿಸಿದ ಎರಡು ಲಾಟ್‌ಗಳ ನಡುವಿನ ವ್ಯತ್ಯಾಸ ಎರಡು ಕಂಪನಿಗಳ ನಡುವಿನ ವ್ಯತ್ಯಾಸಕ್ಕಿಂತ ಜಾಸ್ತಿ ಇರಬಹುದು, ಹಾಗಾಗಿ ಸೀರಂ ಅನ್ನುವ ಸರಕಿನದೇ ವಿಮರ್ಶೆ ಬರೆಯುತ್ತಿದ್ದೇನೆ. ಸೆಲ್ ಬೆಳೆಸುವ ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ನಂಬಿಕೆಗೆ ಎರಡು.

ಇದು ಎಲ್ಲಿಂದ ಬರುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ದಿನಾ ಪಿಪೆಟ್ ಮಾಡುವ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಮಾಂಸಕ್ಕಾಗಿ ಕಡಿಯುವ ಹಸುಗಳಲ್ಲಿ ಕೆಲವು ಗಬ್ಬವಾಗಿರುತ್ತವೆ. ಕಸಾಯಿಖಾನೆಯಲ್ಲಿ ಸಿಕ್ಕ ಆ ಹುಟ್ಟದ ಕರುವಿನ ಹೃದಯಕ್ಕೆ ಸೂಜಿ ಹಾಕಿ ರಕ್ತ ತೆಗೆಯುತ್ತಾರೆ. ಅದು ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿಯನ್ನು 0.1 ಮೈಕ್ರಾನ್ ಫಿಲ್ಟರಿನಲ್ಲಿ ಹಲವು ಸಲ ಸೋಸಿದರೆ ಸೀರಂ ಸಿದ್ಧ. ಎಷ್ಟೋ ಕರುಗಳ ಸೀರಂ ಒಟ್ಟು ಬೆರೆಸಿ ಒಂದು ಲಾಟ್ ಮಾಡುತ್ತಾರೆ. ಇದಕ್ಕೆಂದೇ ಯಾರೂ ಹಸು ಸಾಕುವುದಿಲ್ಲ, ಮಾಂಸದ ವ್ಯಾಪಾರದ ಬೆನ್ನಿಗೆ ಸಿಗುವ ವಸ್ತು ಇದು. ಹಾಗಾಗಿ ಎಲ್ಲೋ ದೂರದ ದೇಶದಲ್ಲಿ ಬರ ಬಂದು ರೈತರು ದನ ಕಡಿಮೆ ಮಾಡಿಕೊಂಡರೆ, ದನಗಳಿಗೆ ರೋಗ ಬಂದರೆ, ನಮ್ಮ ಲ್ಯಾಬಿನ ಬಜೆಟ್ ಅಲುಗಾಡುತ್ತದೆ.

ಇಷ್ಟೆಲ್ಲ ಇದ್ದರೂ ಯಾಕೆ ಇದನ್ನೇ ಹಿಡಿದುಕೊಂಡಿದ್ದೇವೆ? ಕೆಲಸ ಮಾಡುತ್ತದೆ, ಅದಕ್ಕೆ. 1951ರಲ್ಲಿ ಬಾಲ್ಟಿಮೋರ್‌ನಲ್ಲಿ ಜಾರ್ಜ್ ಗೈ ಅನ್ನುವ ವಿಜ್ಞಾನಿ ಮನುಷ್ಯರ ಹೀಲಾ ಸೆಲ್‌ಗಳನ್ನು ಬೆಳೆಸಿದಾಗ ಕೋಳಿಯ ಪ್ಲಾಸ್ಮಾ, ದನದ ಭ್ರೂಣದ ರಸ, ಮನುಷ್ಯರ ಹೊಕ್ಕುಳಬಳ್ಳಿಯ ಸೀರಂ ಎಲ್ಲ ಬೆರೆಸಬೇಕಾಗಿತ್ತು. ಆಮೇಲೆ ಹ್ಯಾರಿ ಈಗಲ್ ಸೆಲ್‌ಗಳಿಗೆ ಬೇಕಾದ ಅಮೈನೊ ಆಮ್ಲ, ವಿಟಮಿನ್, ಉಪ್ಪು ಯಾವುದು ಎಷ್ಟು ಅಂತ ಪತ್ತೆ ಮಾಡಿದರು. ನಾವು ಇವತ್ತು ಬಳಸುವ ಎಂಇಎಂ, ಡಿಎಂಇಎಂ ಅನ್ನುವ ಮೀಡಿಯಾ (ಸೆಲ್ ಬೆಳೆಸುವ ಪೋಷಕ ದ್ರವ) ಅಲ್ಲಿಂದ ಬಂದವು. ಆದರೆ ಅದಕ್ಕೂ ಒಂದಿಷ್ಟು ಸೀರಂ ಬೇಕೇ ಬೇಕಾಯಿತು. 1958ರಲ್ಲಿ ಥಿಯೊಡೋರ್ ಪಕ್ ಹುಟ್ಟದ ಕರುವಿನ ಸೀರಂ ಬಳಸಿದ ಮೇಲೆ ಅದೇ ರೂಢಿಯಾಯಿತು. ಅದರಲ್ಲಿ ಗ್ರೋತ್ ಫ್ಯಾಕ್ಟರ್‌ಗಳು (ಸೆಲ್ ಬೆಳೆಯಲು ಪ್ರೇರೇಪಿಸುವ ವಸ್ತುಗಳು) ಹೇರಳ. ಸೆಲ್ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳಲು ಫೈಬ್ರೊನೆಕ್ಟಿನ್, ವಿಟ್ರೊನೆಕ್ಟಿನ್ ಇವೆ. ಕಬ್ಬಿಣ ಹೊರಲು ಟ್ರಾನ್ಸ್‌ಫೆರಿನ್ ಇದೆ, ಅಂಟಿದ ಸೆಲ್ ಬಿಡಿಸಲು ಹಾಕುವ ಟ್ರಿಪ್ಸಿನ್ ಅನ್ನು ನಿಲ್ಲಿಸುವ ಪ್ರೋಟೀನ್‌ಗಳೂ ಇವೆ. ಇನ್ನೊಂದು ಮುಖ್ಯ ವಿಷಯ, ಹಸುವಿನ ಆಂಟಿಬಾಡಿಗಳು ಹೊಟ್ಟೆಯಲ್ಲಿರುವ ಕರುವಿಗೆ ದಾಟುವುದಿಲ್ಲ. ಕರುವಿಗೆ ಅವು ಸಿಗುವುದು ಹುಟ್ಟಿದ ಮೇಲೆ, ಗಿಣ್ಣು ಹಾಲಿನಿಂದ. ಅದಕ್ಕೇ ಹುಟ್ಟದ ಕರುವಿನ ಸೀರಂನಲ್ಲಿ ಸೆಲ್‌ಗಳಿಗೆ ತೊಂದರೆ ಕೊಡುವ ಆಂಟಿಬಾಡಿ ತೀರಾ ಕಡಿಮೆ. ಮೀಡಿಯಾಕ್ಕೆ ಹತ್ತು ಪರ್ಸೆಂಟ್ ಹಾಕಿದರೆ ಹೆಚ್ಚುಕಡಿಮೆ ಯಾವ ಪ್ರಾಣಿಯ ಸೆಲ್ ಆದರೂ ಬೆಳೆಯುತ್ತದೆ.

ತೊಂದರೆ ಶುರುವಾಗುವುದೂ ಇಲ್ಲೇ. ಒಳಗೆ ಏನೇನಿದೆ, ಎಷ್ಟೆಷ್ಟಿದೆ ಅಂತ ಪೂರ್ತಿ ಹೇಳುವವರು ಯಾರೂ ಇಲ್ಲ. ಒಂದೇ ಊರಿನ ಎರಡು ಆಲೆಮನೆಯ ಬೆಲ್ಲ ಒಂದೇ ಥರ ಇರುವುದಿಲ್ಲವಲ್ಲ, ಲಾಟ್‌ಗಳೂ ಹಾಗೇ.

ನಮ್ಮ ಲ್ಯಾಬಿನಲ್ಲಿ ಇದು ಚೆನ್ನಾಗಿಯೇ ಗೊತ್ತಾಯಿತು. 3ಟಿ3-ಎಲ್1 ಅಂತ ಇಲಿಯ ಸೆಲ್‌ಗಳಿವೆ, ಇನ್ಸುಲಿನ್, ಡೆಕ್ಸಾಮೆಥಸೋನ್, ಐಬಿಎಂಎಕ್ಸ್ ಕೊಟ್ಟರೆ ಕೊಬ್ಬಿನ ಕೋಶಗಳಾಗಿ ಬದಲಾಗುತ್ತವೆ. ಆಯಿಲ್ ರೆಡ್ ಓ ಅನ್ನುವ ಬಣ್ಣ ಹಾಕಿದರೆ ಒಳಗಿನ ಕೊಬ್ಬಿನ ಹನಿಗಳು ಕೆಂಪಗೆ ಕಾಣುತ್ತವೆ. ಚೆನ್ನಾಗಿ ನಡೆಯುತ್ತಿದ್ದ ಪ್ರಯೋಗ ಇದ್ದಕ್ಕಿದ್ದಂತೆ ನಿಂತಿತು. ಸೆಲ್‌ಗಳು ಬದುಕಿವೆ, ವಿಭಜನೆಯಾಗಿ ಬೆಳೆಯುತ್ತಿವೆ, ಆದರೆ ಪ್ಲೇಟಿನಲ್ಲಿ ಕೆಂಪು ಕಾಣುವುದೇ ಇಲ್ಲ. ಇನ್ಸುಲಿನ್ ಹೊಸದು ತಂದೆವು, ಮೈಕೊಪ್ಲಾಸ್ಮಾ (ಕಲ್ಚರಿಗೆ ಸೇರಿಕೊಳ್ಳುವ ಸಣ್ಣ ಬ್ಯಾಕ್ಟೀರಿಯಾ) ಟೆಸ್ಟ್ ಮಾಡಿದೆವು, ಹಳೆಯ ಪ್ಯಾಸೇಜಿನ (ಸೆಲ್ ಅನ್ನು ಹೊಸ ಪಾತ್ರೆಗೆ ಹಾಕುವ ಒಂದೊಂದು ಸುತ್ತು) ಫ್ರೀಜ್ ಮಾಡಿದ ವಯಲ್ ಕರಗಿಸಿ ನೋಡಿದೆವು, ಏನೂ ಆಗಲಿಲ್ಲ. ಕೊನೆಗೆ ಪಕ್ಕದ ಲ್ಯಾಬಿನ ಸೀರಂ ಸ್ವಲ್ಪ ಕೇಳಿ ತಂದು ಹಾಕಿದ ಮೇಲೆ ಹನಿಗಳು ವಾಪಸ್ ಬಂದವು. ಸರಬರಾಜು ಮಾಡುವವರು ಹಿಂದಿನ ಲಾಟ್ ಮುಗಿದಿದೆ ಅಂತ ಒಂದು ಮಾತೂ ಹೇಳದೆ ಬೇರೆ ಲಾಟ್ ಕಳಿಸಿದ್ದರು. ಆ ಲಾಟ್ ಕೆಟ್ಟದ್ದೇನೂ ಅಲ್ಲ, ಎಚ್‌ಇಕೆ 293 ಅನ್ನುವ ಮನುಷ್ಯರ ಸೆಲ್ ಅದರಲ್ಲಿ ಸೊಗಸಾಗಿ ಬೆಳೆಯಿತು. 3ಟಿ3-ಎಲ್1ಗೆ ಒಗ್ಗಲಿಲ್ಲ, ಅಷ್ಟೇ. ಈ ಸೆಲ್‌ಗಳು ಸೀರಂ ವಿಷಯದಲ್ಲಿ ಬಹಳ ಸೂಕ್ಷ್ಮ. ಬರೀ ಬೆಳೆಸಿಟ್ಟುಕೊಳ್ಳುವಾಗ ಎಫ್‌ಬಿಎಸ್ ಬದಲು ಹುಟ್ಟಿದ ಕರುವಿನ ಸೀರಂ ಬಳಸುತ್ತಾರೆ, ಎಫ್‌ಬಿಎಸ್ ಹಾಕುವುದು ಕೊಬ್ಬಿನ ಕೋಶ ಮಾಡುವ ಹಂತದಲ್ಲಿ.

ಹಾಗಾದರೆ ಕೊಳ್ಳುವುದು ಹೇಗೆ? ಸ್ಯಾಂಪಲ್ ಕೇಳಿ. ಸಂಕೋಚ ಬೇಡ, ದೊಡ್ಡ ಕಂಪನಿಗಳೆಲ್ಲ ಲಾಟ್ ಸ್ಯಾಂಪಲ್ ಕೊಡುತ್ತವೆ. ಮೂರು ನಾಲ್ಕು ಲಾಟ್‌ಗಳ ಚಿಕ್ಕ ಬಾಟಲಿ ತರಿಸಿಕೊಂಡು, ಈಗ ಬಳಸುತ್ತಿರುವ ಲಾಟ್ ಜೊತೆ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಫ್ಲಾಸ್ಕಿನ ಸೆಲ್, ಒಂದೇ ದಿನ, ಒಂದೇ ಸಂಖ್ಯೆ. ಕನಿಷ್ಠ ಮೂರು ಪ್ಯಾಸೇಜ್ ಆದರೂ ಓಡಿಸಬೇಕು, ಯಾಕೆಂದರೆ ಮೊದಲ ಪ್ಯಾಸೇಜಿನಲ್ಲಿ ಹಳೆಯ ಸೀರಂನ ಪ್ರಭಾವ ಇನ್ನೂ ಉಳಿದಿರುತ್ತದೆ. ಸೆಲ್ ಎಣಿಸಿ ಬೆಳವಣಿಗೆಯ ಗ್ರಾಫ್ ಹಾಕುವುದು ಸರಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ನಿಮ್ಮ ಪ್ರಯೋಗದಲ್ಲಿ ನಿಜವಾಗಿ ಅಳೆಯುವುದು ಏನೋ ಅದನ್ನೇ ಅಳೆಯಿರಿ: ಕೊಬ್ಬಿನ ಹನಿಯೋ, ಸೆಲ್ ಒಳಗೆ ಜೀನ್ ಸೇರಿಸುವ ಟ್ರಾನ್ಸ್‌ಫೆಕ್ಷನ್ನೋ, ಮ್ಯಾಕ್ರೊಫೇಜ್ ಅನ್ನುವ ರೋಗನಿರೋಧಕ ಸೆಲ್ ಬಿಡುವ ಪ್ರೋಟೀನ್ ಟಿಎನ್‌ಎಫ್ಫೋ. ತುಂಬಾ ಕಡಿಮೆ ಸೆಲ್ ಹಾಕಿ ಕಾಲೊನಿ ಎಷ್ಟು ಎದ್ದವು ಅಂತ ನೋಡುವುದು ಇನ್ನೂ ಕಟ್ಟುನಿಟ್ಟಿನ ಪರೀಕ್ಷೆ, ಒತ್ತೊತ್ತಾಗಿ ಹಾಕಿದರೆ ಕಳಪೆ ಸೀರಂ ಕೂಡ ಪಾಸಾಗಿಬಿಡುತ್ತದೆ. ಒಪ್ಪಿಗೆಯಾದ ಲಾಟನ್ನು ಒಂದು ವರ್ಷಕ್ಕೆ ಆಗುವಷ್ಟು ನಿಮ್ಮ ಹೆಸರಿನಲ್ಲಿ ಹಿಡಿದಿಡಲು ಹೇಳಿ. ಚಿಕ್ಕ ಲ್ಯಾಬಿಗೆ ಅಷ್ಟು ಬೇಡ ಅನ್ನಿಸಿದರೆ ಒಂದೇ ಮಹಡಿಯ ಎರಡು ಮೂರು ಲ್ಯಾಬ್ ಸೇರಿ ತೆಗೆದುಕೊಳ್ಳಬಹುದು. ಆರ್ಡರಿನಲ್ಲಿ ಲಾಟ್ ನಂಬರ್ ಬರೆಯಿರಿ, ಬಾಟಲಿ ಬಂದ ದಿನವೇ ನಂಬರ್ ತಾಳೆ ನೋಡಿ.

ಜೊತೆಗೆ ಬರುವ ಸರ್ಟಿಫಿಕೇಟ್ ಆಫ್ ಅನಾಲಿಸಿಸ್ (ಆ ಲಾಟಿನ ಪರೀಕ್ಷಾ ವರದಿ) ಓದುವ ಅಭ್ಯಾಸ ಮಾಡಿಕೊಳ್ಳಿ. ಹಿಮೊಗ್ಲೋಬಿನ್ ಜಾಸ್ತಿ ಇದ್ದರೆ ರಕ್ತ ತೆಗೆಯುವಾಗ ಅಥವಾ ಆಮೇಲೆ ಕೆಂಪು ರಕ್ತಕಣಗಳು ಒಡೆದಿವೆ ಅಂತ ಅರ್ಥ. 100 ಮಿ.ಲೀ.ಗೆ 25 ಮಿ.ಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಎಂಡೋಟಾಕ್ಸಿನ್ ಅನ್ನುವುದು ಬ್ಯಾಕ್ಟೀರಿಯಾದ ಗೋಡೆಯ ಚೂರು. ಪ್ರತಿ ಮಿ.ಲೀ.ಗೆ 10 ಯೂನಿಟ್ ಒಳಗೆ ಅಂತ ಬರೆದಿದ್ದರೆ ಹೀಲಾ, ಎಚ್‌ಇಕೆಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಆದರೆ ಇಲಿಯ ಮೂಳೆಮಜ್ಜೆಯಿಂದ ಮ್ಯಾಕ್ರೊಫೇಜ್ ಬೆಳೆಸುವವರು, ಮ್ಯಾಕ್ರೊಫೇಜ್ ಥರದ ರಾ 264.7 ಸೆಲ್ ಬಳಸುವವರು ಅದಕ್ಕಿಂತ ಬಹಳ ಕಡಿಮೆ ಇರುವುದನ್ನೇ ಆರಿಸಿಕೊಳ್ಳಿ. ಇಲ್ಲದಿದ್ದರೆ ನೀವು ಏನೂ ಕೊಡುವ ಮೊದಲೇ ಸೆಲ್ ಕೆರಳಿ ಕೂತಿರುತ್ತದೆ. ಅಂಥ ಕಂಟ್ರೋಲ್ ಇಟ್ಟುಕೊಂಡು ಇಲಿಯ ಪ್ರಾಣ ತೆಗೆದು ಏನು ಪ್ರಯೋಜನ ಹೇಳಿ?

ದೇಶದ ಹೆಸರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೀರಂ ದುಬಾರಿ, ಹಾಗಾಗಿ ಅದರಲ್ಲಿ ಸೆಲ್ ಚೆನ್ನಾಗಿ ಬೆಳೆಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಆ ಬೆಲೆ ಮುಖ್ಯವಾಗಿ ರೋಗದ ಅಪಾಯ ಕಡಿಮೆ ಅನ್ನುವುದಕ್ಕೆ. ಹುಚ್ಚು ಹಸು ರೋಗ, ಕಾಲುಬಾಯಿ ಜ್ವರ ಅಲ್ಲಿನ ದನಗಳಲ್ಲಿಲ್ಲ. ಲಸಿಕೆ ಅಥವಾ ರೋಗಿಗೆ ಕೊಡುವ ಸೆಲ್ ತಯಾರಿಸುವವರಿಗೆ ಅದು ಬೇಕು. ಮೂಲಭೂತ ಸಂಶೋಧನೆ ಮಾಡುವ ಲ್ಯಾಬಿಗೆ ದಕ್ಷಿಣ ಅಮೆರಿಕದ ಸೀರಂ ಧಾರಾಳವಾಗಿ ಸಾಕು, ಲಾಟ್ ಟೆಸ್ಟ್ ಮಾಡಿಕೊಂಡಿದ್ದರೆ. ಆ ಬೆಲೆಯಿಂದಾಗಿ ಮೋಸವೂ ಆಗಿದೆ. 2013ರಲ್ಲಿ ಯುರೋಪಿನ ಒಬ್ಬ ಸರಬರಾಜುದಾರರ ಸೀರಂನಲ್ಲಿ ಬೆಳೆದ ದನದ ಅಲ್ಬುಮಿನ್ ಪ್ರೋಟೀನ್, ನೀರು ಸೇರಿಸಿದ್ದು ಬಯಲಾಯಿತು. ಎಲ್ಲಿಂದ ಬಂತು ಅನ್ನುವ ಲೇಬಲ್ಲಿನಲ್ಲೂ ಸುಳ್ಳು ಇತ್ತು. ಹಿಂದೆ ಯಾವ ಕಸಾಯಿಖಾನೆ ಅನ್ನುವವರೆಗೂ ದಾಖಲೆ ತೋರಿಸಬಲ್ಲವರ ಹತ್ತಿರ ಮಾತ್ರ ಕೊಳ್ಳಿ.

ಬಗೆಬಗೆಯ ಸೀರಂ ಬರುತ್ತದೆ, ಎಲ್ಲರಿಗೂ ಎಲ್ಲವೂ ಬೇಡ. ಟೆಟ್ರಾಸೈಕ್ಲಿನ್ ಕೊಟ್ಟು ಜೀನ್ ಆನ್ ಮಾಡುವ ಪ್ರಯೋಗವಿದ್ದರೆ ಟೆಟ್-ಫ್ರೀ ಬೇಕು, ದನಗಳಿಗೆ ಕೊಟ್ಟ ಔಷಧಿಯ ಉಳಿಕೆಯೇ ಜೀನನ್ನು ಆನ್ ಮಾಡಿಬಿಡಬಹುದು. ಎಂಸಿಎಫ್-7 ಸ್ತನ ಕ್ಯಾನ್ಸರ್ ಸೆಲ್‌ಗಳಲ್ಲಿ ಈಸ್ಟ್ರೊಜೆನ್ ಕೆಲಸ ನೋಡುವವರು ಇದ್ದಿಲಿನಿಂದ ಹಾರ್ಮೋನ್ ತೆಗೆದ ಸೀರಂ ತರಿಸಿ, ಮೀಡಿಯಾದಲ್ಲಿ ಫೀನಾಲ್ ರೆಡ್ ಬಣ್ಣ ಕೂಡ ಬೇಡ, ಅದಕ್ಕೂ ಸ್ವಲ್ಪ ಈಸ್ಟ್ರೊಜೆನ್ ಗುಣವಿದೆ. ಎಕ್ಸೊಸೋಮ್ (ಸೆಲ್ ಹೊರಬಿಡುವ ಸೂಕ್ಷ್ಮ ಚೀಲ) ಮೇಲೆ ಕೆಲಸ ಮಾಡುವವರು ಜೋಪಾನ, ಸೀರಂ ತುಂಬಾ ಹಸುವಿನ ಎಕ್ಸೊಸೋಮ್‌ಗಳೇ ಇರುತ್ತವೆ.

ಬಂದ ಬಾಟಲಿಯನ್ನು ನೋಡಿಕೊಳ್ಳುವುದು ಕಷ್ಟವೇನಲ್ಲ. ರಾತ್ರಿ 4 ಡಿಗ್ರಿಯಲ್ಲಿ ಇಟ್ಟು ನಿಧಾನವಾಗಿ ಕರಗಿಸಿ, ಆಗಾಗ ಮೆಲ್ಲಗೆ ಅಲುಗಿಸಿ. 50 ಮಿ.ಲೀ. ಟ್ಯೂಬುಗಳಲ್ಲಿ ಪಾಲು ಹಂಚಿ ಮತ್ತೆ ಫ್ರೀಜರಿಗೆ. ಕರಗಿಸುವುದು, ಹೆಪ್ಪುಗಟ್ಟಿಸುವುದು ಪದೇ ಪದೇ ಬೇಡ. ತಳದಲ್ಲಿ ಬಿಳಿ ಚೂರು ಕಂಡರೆ ಕಂಟಾಮಿನೇಷನ್ ಅಂತ ಎಸೆಯಬೇಡಿ, ಹೆಚ್ಚಿನ ಸಲ ಅದು ಫೈಬ್ರಿನ್, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್. 56 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡುವ ಪದ್ಧತಿ ಹಲವು ಲ್ಯಾಬುಗಳಲ್ಲಿ ನಡೆದು ಬಂದಿದೆ. ಅದು ಸೆಲ್ ಮೇಲೆ ದಾಳಿ ಮಾಡಬಲ್ಲ ಕಾಂಪ್ಲಿಮೆಂಟ್ ಪ್ರೋಟೀನ್‌ಗಳನ್ನು ನಿಷ್ಕ್ರಿಯ ಮಾಡಲು. ಇಮ್ಯೂನಾಲಜಿ ಕೆಲಸವಿದ್ದರೆ ಸರಿ, ಸಾಮಾನ್ಯ ಸೆಲ್‌ಗಳಿಗೆ ಅದರ ಅಗತ್ಯವೇ ಇಲ್ಲ. ಬಿಸಿಗೆ ಗ್ರೋತ್ ಫ್ಯಾಕ್ಟರ್ ಹಾಳಾಗುವುದೇ ಲಾಭ.

ಈಗ ನನ್ನ ಮನಸ್ಸನ್ನು ಕೊರೆಯುವ ವಿಷಯ. ಭಾರತದಲ್ಲಿ 2023ರಲ್ಲಿ ಔಷಧ ಪರೀಕ್ಷೆಯ ನಿಯಮ ತಿದ್ದುಪಡಿಯಾಗಿ, ಪ್ರಾಣಿಗಳ ಬದಲು ಸೆಲ್, ಆರ್ಗನಾಯ್ಡ್ (ಸೆಲ್‌ನಿಂದ ಬೆಳೆಸಿದ ಅಂಗದ ಕಿರು ಮಾದರಿ), ಆರ್ಗನ್-ಆನ್-ಚಿಪ್ (ಚಿಪ್ ಮೇಲೆ ಬೆಳೆಸಿದ ಅಂಗದ ಮಾದರಿ) ಬಳಸಲು ದಾರಿಯಾಯಿತು. ನನಗೆ ತುಂಬಾ ಸಂತೋಷವಾದ ಸುದ್ದಿ ಅದು. ಆದರೆ ‘ಪ್ರಾಣಿ ಬಳಸದ ಪರೀಕ್ಷೆ’ ಅಂತ ಹೆಸರಿಟ್ಟು, ಆ ಸೆಲ್‌ಗಳಿಗೆ ಹತ್ತು ಪರ್ಸೆಂಟ್ ಕರುವಿನ ರಕ್ತದ ಸೀರಂ ಉಣಿಸಿದರೆ ಅದು ಪ್ರಾಮಾಣಿಕವಾದ ಹೆಸರಲ್ಲ. ಇಲಿಯ ಮೇಲೆ ಪ್ರಯೋಗ ಮಾಡಲು ನಮಗೆ ಎಥಿಕ್ಸ್ ಕಮಿಟಿ ಇದೆ, ಎಷ್ಟು ಇಲಿ, ಯಾಕೆ, ನೋವು ಹೇಗೆ ಕಡಿಮೆ ಮಾಡುತ್ತೀರಿ ಅಂತ ಒಂದೊಂದಕ್ಕೂ ಬರೆದು ಕೊಡಬೇಕು. ಸೀರಂ ಬಾಟಲಿಗೆ ಯಾರೂ ಒಂದು ಪ್ರಶ್ನೆ ಕೇಳುವುದಿಲ್ಲ. 2021ರ ಜೂನ್‌ನಲ್ಲಿ ಕೋವ್ಯಾಕ್ಸಿನ್‌ನಲ್ಲಿ ಕರುವಿನ ಸೀರಂ ಇದೆ ಅಂತ ಗದ್ದಲವಾಯಿತಲ್ವಾ, ಆಗ ಎಷ್ಟೋ ಜನರು ಈ ವಸ್ತುವಿನ ಹೆಸರು ಮೊದಲ ಸಲ ಕೇಳಿದರು. ಆರೋಗ್ಯ ಸಚಿವಾಲಯ ಹೇಳಿದ್ದು ಸರಿಯಾಗಿತ್ತು: ವೈರಸ್ ಬೆಳೆಸಲು ಬೇಕಾದ ವೀರೊ ಸೆಲ್ ಬೆಳೆಸಲು ಮಾತ್ರ ಹುಟ್ಟಿದ ಕರುವಿನ ಸೀರಂ ಬಳಸಿ, ಆಮೇಲೆ ಸೆಲ್‌ಗಳನ್ನು ತೊಳೆದುಬಿಡುತ್ತಾರೆ, ಲಸಿಕೆಯಲ್ಲಿ ಅದು ಇರುವುದಿಲ್ಲ. ಆ ಮಾತನ್ನು ನಾವು ಲ್ಯಾಬಿನವರು ಜನರಿಗೆ ಮೊದಲೇ ಬಿಡಿಸಿ ಹೇಳಿದ್ದರೆ ಅಷ್ಟು ಗಾಬರಿ ಆಗುತ್ತಿರಲಿಲ್ಲ.

ಬದಲಿ ಇಲ್ಲವೇ ಅಂದರೆ, ಇದೆ. ಔಷಧ ಕಂಪನಿಗಳು ಹ್ಯಾಮ್ಸ್ಟರ್‌ನಿಂದ ಬಂದ ಸಿಎಚ್‌ಒ ಸೆಲ್‌ಗಳಲ್ಲಿ ಆಂಟಿಬಾಡಿ ತಯಾರಿಸುವುದು ಸೀರಂ ಇಲ್ಲದ ಮೀಡಿಯಾದಲ್ಲೇ. ಯಾವ ಬಗೆಯ ಸೆಲ್ ಆಗಿಯಾದರೂ ಬದಲಾಗಬಲ್ಲ ಐಪಿಎಸ್ ಸೆಲ್‌ಗಳಿಗೆ 2011ರಲ್ಲಿ ಜೇಮ್ಸ್ ಥಾಮ್ಸನ್ ಅವರ ತಂಡ ಬರೀ ಎಂಟು ಘಟಕಗಳ ಇ8 ಮೀಡಿಯಾ ಕೊಟ್ಟಿತು. ಒಳಗೆ ಏನಿದೆ ಅಂತ ಒಂದೊಂದೂ ಗೊತ್ತು. ಮೆಸೆಂಕೈಮಲ್ ಸ್ಟೆಮ್ ಸೆಲ್‌ಗಳಿಗೆ ಹ್ಯೂಮನ್ ಪ್ಲೇಟ್‌ಲೆಟ್ ಲೈಸೇಟ್ ಬಹಳ ಚೆನ್ನಾಗಿದೆ. ರಕ್ತನಿಧಿಯಲ್ಲಿ ಅವಧಿ ಮುಗಿದ ಪ್ಲೇಟ್‌ಲೆಟ್‌ಗಳಿಂದ ಮಾಡುತ್ತಾರೆ, ಮೀಡಿಯಾ ಗಟ್ಟಿಯಾಗದಂತೆ ಸಾಮಾನ್ಯವಾಗಿ ಹೆಪಾರಿನ್ ಹಾಕಬೇಕು. ಒಂದು ಮೀಡಿಯಾ ಎಲ್ಲ ಸೆಲ್‌ಗೂ ಆಗುವುದಿಲ್ಲ ಅನ್ನುವುದೇ ಇವುಗಳ ದೊಡ್ಡ ಕೊರತೆ. ಬೆಲೆಯೂ ಕಡಿಮೆಯಿಲ್ಲ.

ಸೀರಂ ಇಲ್ಲದ ಮೀಡಿಯಾ ಪ್ರಯತ್ನಿಸುವ ಮನಸ್ಸಿದ್ದರೆ ಎಚ್‌ಇಕೆ 293ರಿಂದ ಶುರು ಮಾಡಿ, ಅದು ಒಗ್ಗಿಕೊಳ್ಳುವ ಸೆಲ್. ಮೊದಲು ಹಳೆಯ ಮೀಡಿಯಾದಲ್ಲಿ ಬೆಳೆದ ಸೆಲ್‌ಗಳ ಸ್ಟಾಕ್ ಫ್ರೀಜ್ ಮಾಡಿ ಪಕ್ಕಕ್ಕಿಡಿ. ಆಮೇಲೆ ಸೀರಂ 10ರಿಂದ 5, ಅಲ್ಲಿಂದ 2.5, 1.25 ಪರ್ಸೆಂಟ್, ಹೀಗೆ ಅರ್ಧರ್ಧ ಇಳಿಸುತ್ತಾ ಹೋಗಿ, ಒಂದೊಂದು ಮೆಟ್ಟಿಲಿನಲ್ಲೂ ಎರಡು ಮೂರು ಪ್ಯಾಸೇಜ್ ನಿಲ್ಲಿಸಿ, ಬದುಕಿರುವ ಸೆಲ್ 90 ಪರ್ಸೆಂಟಿಗಿಂತ ಕಡಿಮೆಯಾದರೆ ಹಿಂದಿನ ಮೆಟ್ಟಿಲಿಗೆ ಬನ್ನಿ. ಸೆಲ್ ಹಾಕುವಾಗ ಮಾಮೂಲಿಗಿಂತ ಜಾಸ್ತಿ ಹಾಕಿ. ಸೀರಂ ಇಲ್ಲದಾಗ ಟ್ರಿಪ್ಸಿನ್ ತಾನಾಗಿ ನಿಲ್ಲುವುದಿಲ್ಲ, ಸೋಯಾ ಟ್ರಿಪ್ಸಿನ್ ಇನ್ಹಿಬಿಟರ್ ಹಾಕಿಯೇ ಸೆಲ್‌ಗಳನ್ನು ಸ್ಪಿನ್ ಮಾಡಿ.