ಮದ್ಯ ಮಾರಾಟದ ವೈಯಕ್ತಿಕ ಪರವಾನಗಿ: ಒಂದು ದಿನದ ತರಬೇತಿ ಹೇಗಿತ್ತು?

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನಾನು ಕೆಲಸ ಮಾಡುವ ದಿನಸಿ ಅಂಗಡಿಯಲ್ಲಿ ಬಿಯರ್, ವೈನ್ ಕೂಡ ಮಾರುವುದರಿಂದ, ಮಾಲೀಕರ ಸೂಚನೆಯಂತೆ ವೈಯಕ್ತಿಕ ಪರವಾನಗಿಗೆ ಬೇಕಾದ ಒಂದು ದಿನದ ತರಬೇತಿಗೆ ಹೋಗಿಬಂದೆ. 2003ರ ಪರವಾನಗಿ ಕಾಯ್ದೆಯಂತೆ ಇಲ್ಲಿ ಅಂಗಡಿಗೆ ಒಂದು ಪರವಾನಗಿ, ಮಾರಾಟಕ್ಕೆ ಅನುಮತಿ ಕೊಡುವ ವ್ಯಕ್ತಿಗೆ ಇನ್ನೊಂದು. ಕೌಂಟರಿನಲ್ಲಿ ನಿಲ್ಲುವ ಪ್ರತಿಯೊಬ್ಬರಿಗೂ ಅದು ಬೇಕಿಲ್ಲ. ತರಬೇತಿಯ ಪ್ರಮಾಣಪತ್ರವನ್ನು ಅಪರಾಧ ಹಿನ್ನೆಲೆಯ ತಪಾಸಣಾ ಪತ್ರ ಮತ್ತು 37 ಪೌಂಡ್ ಶುಲ್ಕದೊಂದಿಗೆ ನಾವು ವಾಸಿಸುವ ಊರಿನ ಕೌನ್ಸಿಲ್‌ಗೆ ಸಲ್ಲಿಸಬೇಕು.

ವಯಸ್ಸಿನ ಪರಿಶೀಲನೆಯ ಪಾಠ ಬಹಳ ಚೆನ್ನಾಗಿತ್ತು. ಶಿಕ್ಷಕಿ ಗೋಡೆಯ ಮೇಲೆ ನಾಲ್ಕು ಭಾವಚಿತ್ರ ಅಂಟಿಸಿ ವಯಸ್ಸು ಊಹಿಸಲು ಹೇಳಿದರು. ನಾವೆಲ್ಲ ಇಪ್ಪತ್ತೆರಡು ಎಂದ ಹುಡುಗಿಗೆ ಹದಿನಾರು. ಕಾನೂನಿನ ಮಿತಿ 18 ಆಗಿದ್ದರೂ, 25ಕ್ಕಿಂತ ಚಿಕ್ಕವರಂತೆ ಕಾಣುವ ಎಲ್ಲರ ಗುರುತಿನ ಚೀಟಿ ಕೇಳುವ ರೂಢಿ ಏಕೆ ಬಂದಿತೆಂದು ಅಲ್ಲಿಗೇ ಅರ್ಥವಾಯಿತು. ಚೀಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಹಾಲೊಗ್ರಾಮ್ ನೋಡುವುದನ್ನೂ, ಭಾವಚಿತ್ರದ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡುವುದನ್ನೂ ಒಬ್ಬೊಬ್ಬರಿಂದಲೂ ಮಾಡಿಸಿದರು. ಊರಿನಲ್ಲಿ ಸರಳಿನ ಕಿಂಡಿಯಿಂದ ಕ್ವಾರ್ಟರ್ ಬಾಟಲಿ ದಾಟಿಸುವ ಎಂಆರ್‌ಪಿ ಅಂಗಡಿಯನ್ನಷ್ಟೇ ಕಂಡಿದ್ದ ನನಗೆ ಇದೆಲ್ಲ ಹೊಸದು. ತಂದೆ ಕಾರಿನಲ್ಲೇ ಕುಳಿತು, ಬಿಯರ್ ತರಲು ಮಗನ ಕೈಗೆ ದುಡ್ಡು ಕೊಟ್ಟು ಕಳಿಸಿದರೆ ಏನು ಮಾಡಬೇಕೆಂದು ಕೇಳಿದೆ. ದುಡ್ಡು ಯಾರದಾದರೂ ಸರಿ, ಬಾಟಲಿಯನ್ನು ಮಗುವಿನ ಕೈಗೆ ಕೊಡುವಂತಿಲ್ಲ ಎಂಬ ಉತ್ತರದಲ್ಲಿ ಯಾವ ಅನುಮಾನವೂ ಉಳಿಯಲಿಲ್ಲ.

ಆದರೆ ಕುಡಿದು ಅಮಲೇರಿದವರಿಗೆ ಮದ್ಯ ಮಾರುವುದೂ ಅಪರಾಧವೇ ಆಗಿದ್ದು, ಆ ವಿಷಯಕ್ಕೆ ಸಿಕ್ಕಿದ್ದು ಹತ್ತೇ ನಿಮಿಷ. ದಿನವೂ ಹೆಸರು ಹಿಡಿದು ಮಾತನಾಡಿಸುವ ಗಿರಾಕಿ ರಾತ್ರಿ ಹತ್ತಕ್ಕೆ ತೂರಾಡುತ್ತ ಬಂದಾಗ, ಅಂಗಡಿಯಲ್ಲಿ ಒಬ್ಬನೇ ಇರುವವನು ಜಗಳವಾಗದಂತೆ ‘ಇವತ್ತು ಕೊಡಲಾರೆ’ ಎನ್ನುವುದು ಹೇಗೆಂಬುದನ್ನು ಯಾರೂ ಅಭ್ಯಾಸ ಮಾಡಿಸಲಿಲ್ಲ. ಅದರ ಬದಲು, ವಿಸ್ಕಿಯಂಥ ಸ್ಪಿರಿಟ್‌ಗೆ 25 ಅಥವಾ 35 ಮಿಲಿಲೀಟರ್, ವೈನ್‌ಗೆ 125 ಎಂಬ ಗ್ಲಾಸಿನ ಅಳತೆಗಳಲ್ಲೇ ಮಧ್ಯಾಹ್ನದ ಬಹುಪಾಲು ಕಳೆಯಿತು. ಸೀಲು ಒಡೆಯದ ಬಾಟಲಿ ಮಾರುವ ನಮಗೆ ಅದರಿಂದ ಪ್ರಯೋಜನವಿಲ್ಲ.

ಪರೀಕ್ಷೆಯಲ್ಲಿ 40 ಬಹು ಆಯ್ಕೆಯ ಪ್ರಶ್ನೆಗಳಿದ್ದು, 28 ಸರಿಯಾದರೆ ತೇರ್ಗಡೆ. ಬೆಳಗ್ಗೆಯಿಂದ ಕಿವಿಗೊಟ್ಟು ಕೇಳಿದವರಿಗೆ ಕಷ್ಟವಲ್ಲ. ಇಂಗ್ಲಿಷ್ ಓದುವುದು ನಿಧಾನವಾದವರು ಪುಸ್ತಕವನ್ನು ಒಂದು ವಾರ ಮೊದಲೇ ತರಿಸಿಕೊಳ್ಳುವುದು ಒಳ್ಳೆಯದು. 2015ರಿಂದ ಈ ಪರವಾನಗಿಯನ್ನು ನವೀಕರಿಸಬೇಕಾಗಿಯೇ ಇಲ್ಲ; ಹೀಗಿದ್ದೂ ಬದಲಾಗುವ ನಿಯಮಗಳನ್ನು ತಿಳಿಸುವ ಮರುತರಬೇತಿಯನ್ನು ನಮಗೆ ಪಾಠ ಮಾಡಿದ ಸಂಸ್ಥೆ ಇಟ್ಟುಕೊಂಡಿಲ್ಲ.