ಮಿಕ್ಸ್ ಎಷ್ಟು ಉದ್ದ ಇರಬೇಕು? ಆಡಾಸಿಟಿಯ ಲೇಬಲ್ ಹೇಳಿಕೊಟ್ಟಿತು

ನನ್ನ ಹೊಸ ಡಿಜೆ ಮಿಕ್ಸ್, ಅಂದರೆ ಹಾಡಿಗೆ ಹಾಡು ಬೆಸೆದು ನಿಲ್ಲದೆ ಓಡುವ ರೆಕಾರ್ಡಿಂಗ್, ಮೊದಲು 1 ಗಂಟೆ 52 ನಿಮಿಷ ಇತ್ತು. 27 ಹಾಡು. ಈಗ ಅದು 66 ನಿಮಿಷ, 16 ಹಾಡು. ಕತ್ತರಿ ಹಾಕಿದ್ದು ನಾನೇ. ಎಲ್ಲಿ ಹಾಕಬೇಕು ಅಂತ ಗೊತ್ತಾಗಿದ್ದು ಮಾತ್ರ ಆಡಾಸಿಟಿಯ ಒಂದು ಪುಟ್ಟ ಸೌಲಭ್ಯದಿಂದ. ಆರು ವರ್ಷದಿಂದ ಈ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಇದರ ಬಗ್ಗೆ ಬರೆಯಲೇಬೇಕು ಅನಿಸಿದ್ದು ಈ ಸಲ.

ಗೊತ್ತಿಲ್ಲದವರಿಗೆ ಎರಡು ಮಾತು. ಆಡಾಸಿಟಿ 2000ದಿಂದಲೂ ಇರುವ ಉಚಿತ ಸಾಫ್ಟ್‌ವೇರ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇದರಲ್ಲಿ ಡಿಜೆಯಿಂಗ್ ಮಾಡೋಕೆ ಆಗಲ್ಲ. ರೆಕಾರ್ಡ್ ಆದ ಧ್ವನಿಯನ್ನು ಕತ್ತರಿಸೋಕೆ, ಅಂಟಿಸೋಕೆ, ತಿದ್ದೋಕೆ ಇದು. ನಾನು ಬಳಸುವುದು 3ನೇ ಆವೃತ್ತಿ.

ಶುರುವಾಗಿದ್ದು ಒಂದು ತೊಂದರೆಯಿಂದ. ಮಿಕ್ಸರ್‌ನಿಂದ ವೈರ್ ಎಳೆದು ಕೈಯಗಲದ ಒಂದು ರೆಕಾರ್ಡರ್‌ಗೆ ಹಾಕಿದ್ದೆ. ಗುಣಮಟ್ಟ ಜಾಸ್ತಿ ಇರಲಿ ಅಂತ 96 ಕಿಲೋಹರ್ಟ್ಸ್, 24 ಬಿಟ್ ಇಟ್ಟೆ. ಆ ರೆಕಾರ್ಡರ್ 2 ಜಿಬಿ ತುಂಬಿದ ಕೂಡಲೇ ಹೊಸ ಫೈಲ್ ಶುರು ಮಾಡುತ್ತದೆ. ಅಷ್ಟು ದೊಡ್ಡ ಸೆಟ್ಟಿಂಗ್‌ನಲ್ಲಿ 2 ಜಿಬಿ ಅಂದರೆ ಬರೀ 62 ನಿಮಿಷ. ಸಿಡಿಯ ಮಟ್ಟದಲ್ಲಿ, ಅಂದರೆ 44.1 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ ಇಟ್ಟಿದ್ದರೆ 3 ಗಂಟೆಗೂ ಜಾಸ್ತಿ ಬರುತ್ತಿತ್ತು. ಮನೆಗೆ ಬಂದು ನೋಡಿದರೆ ಎರಡು ಫೈಲ್, ಒಂದು ಹಾಡಿನ ನಟ್ಟನಡುವೆ ತುಂಡಾಗಿತ್ತು. ಎರಡನ್ನೂ ಜೋಡಿಸೋಕೆ ಅಂತ ಆಡಾಸಿಟಿ ತೆರೆದೆ. ಜೋಡಿಸುವ ಮುಂಚೆ ಮೊದಲ ಫೈಲ್ ಒಂದನ್ನೇ ಕೇಳಿದೆ. ಅದು ಅರ್ಧ ಮಿಕ್ಸ್ ಅನಿಸಲೇ ಇಲ್ಲ. ಮುಕ್ಕಾಲು ಕಥೆ ಅಲ್ಲೇ ಮುಗಿದಿತ್ತು. ಹಾಗಾದರೆ ಉಳಿದ 50 ನಿಮಿಷ ಏನು ಮಾಡುತ್ತಿದೆ ಅನ್ನೋ ಪ್ರಶ್ನೆ ಎದ್ದಿತು.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ನನ್ನ ಮೊದಲ ಮಿಕ್ಸ್‌ಗಳು ಸಿ-90 ಕ್ಯಾಸೆಟ್‌ನಲ್ಲಿದ್ದವು. ಒಂದು ಬದಿಗೆ 45 ನಿಮಿಷ, ಟೇಪ್ ಮುಗಿದರೆ ಮಿಕ್ಸೂ ಮುಗೀತು. ಆಮೇಲೆ ಸಿಡಿ ಬಂತು, 74 ನಿಮಿಷ, ನಂತರ 80. ರೇಡಿಯೋದಲ್ಲೂ ಹಾಗೇ. ಬಿಬಿಸಿ ರೇಡಿಯೋ 1ರಲ್ಲಿ 1993ರಲ್ಲಿ ಶುರುವಾದ ಎಸೆನ್ಷಿಯಲ್ ಮಿಕ್ಸ್ ಎರಡು ಗಂಟೆಯದು, ಅದಕ್ಕೆ ಮಾಡುವವರು ಎರಡು ಗಂಟೆಗೆ ಅಂತಲೇ ಮಾಡುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಸಾಕಿತ್ತು. ಈಗ ಹಾಸಿಗೆಗೆ ಕೊನೆಯೇ ಇಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಬೇಕಾದಷ್ಟು ಜಾಗ ಇದೆ, ಎಳೆದಷ್ಟೂ ಉದ್ದ.

ಆಡಾಸಿಟಿಯಲ್ಲಿ ಧ್ವನಿ ಓಡುತ್ತಿರುವಾಗಲೇ ಕಂಟ್ರೋಲ್ ಒತ್ತಿ ಎಂ ಒತ್ತಿದರೆ ಆ ಕ್ಷಣಕ್ಕೆ ಒಂದು ಲೇಬಲ್ ಬೀಳುತ್ತದೆ. ಪುಸ್ತಕದ ಪುಟ ಮಡಚಿದ ಹಾಗೆ. ಹಾಡು ನಿಲ್ಲುವುದಿಲ್ಲ. ಹಾಡಿನ ಹೆಸರು ಗುರುತು ಹಾಕೋಕೆ ಅಂತ ನಾನು ಇದನ್ನು ಬಳಸುತ್ತಿದ್ದೆ. ಈ ಸಲ ಬೇರೆ ಕೆಲಸ ಕೊಟ್ಟೆ. ಲ್ಯಾಪ್‌ಟಾಪ್ ಪಕ್ಕ ಕೂತು ಬಟ್ಟೆ ಮಡಚುತ್ತಾ ಇಡೀ ಮಿಕ್ಸ್ ಕೇಳಿದೆ. ಮನಸ್ಸು ಬೇರೆ ಕಡೆ ಹೋದಾಗ, ಮುಂದಿನ ಹಾಡು ಬೇಗ ಬರಬಾರದಾ ಅನಿಸಿದಾಗ, ಸುಮ್ನೆ ಫೋನ್ ಕಡೆ ಕೈ ಹೋದಾಗ, ಒಂದು ಲೇಬಲ್. ತಿದ್ದುವುದು ಬೇಡ, ಯೋಚಿಸುವುದೂ ಬೇಡ, ಒತ್ತುವುದಷ್ಟೇ.

ಮೂರು ದಿನ, ಮೂರು ಸಲ. ಮೊದಲ ಸಲ 14 ಲೇಬಲ್ ಬಿದ್ದವು. ಅದರಲ್ಲಿ 10 ಲೇಬಲ್ 70 ನಿಮಿಷದ ಆಚೆಗೆ. ಎರಡನೇ, ಮೂರನೇ ಸಲವೂ ಹೆಚ್ಚುಕಡಿಮೆ ಅದೇ ಚಿತ್ರ. ಎಡಗಡೆ ಖಾಲಿ, ಬಲಗಡೆ ಬೇಲಿ ಹಾಕಿದ ಹಾಗೆ ಲೇಬಲ್ ಸಾಲು. ನನ್ನದೇ ಕಿವಿ, ನನ್ನದೇ ಬೆರಳು. ಸುಳ್ಳು ಅನ್ನೋಕೆ ಆಗಲಿಲ್ಲ.

ಮಿಕ್ಸ್ ಅನ್ನು 16ನೇ ಹಾಡಿಗೆ ನಿಲ್ಲಿಸಿದೆ. ಆ ಹಾಡಿನ ಕೊನೆಯ ಎರಡು ನಿಮಿಷವನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಅಂಟಿಸಿದೆ. ಅದು ತನ್ನ ಪಾಡಿಗೆ ತಾನು ಮುಗಿಯಲಿ ಅಂತ. ಫೇಡ್ ಔಟ್ ಮಾಡಿದರೆ, ಅಂದರೆ ಧ್ವನಿಯನ್ನು ನಿಧಾನಕ್ಕೆ ಇಳಿಸಿ ಮುಗಿಸಿದರೆ, ಯಾರೋ ಬಾಗಿಲು ಎಳೆದುಕೊಂಡ ಹಾಗೆ ಕೇಳುತ್ತದೆ, ನನಗೆ ಹಿಡಿಸಲ್ಲ. 1 ಗಂಟೆ 24ನೇ ನಿಮಿಷಕ್ಕೆ ಬರುತ್ತಿದ್ದ ಹಾಡು ಹೋಗಿದ್ದಕ್ಕೆ ಕರುಳು ಚುರ್ರ್ ಅಂದಿತು. ಆ ಒಂದು ಹಾಡು ಹುಡುಕೋಕೆ ತಿಂಗಳುಗಟ್ಟಲೆ ತಿರುಗಿದ್ದೆ. ಆದರೆ ಮೂರು ಸಲವೂ ಅದು ಬರುವ ಹೊತ್ತಿಗೆ ನನ್ನ ಕಿವಿ ಸೋತಿತ್ತು.

ಒಳಗೂ ಒಂದು ಕಡೆ ಕತ್ತರಿಸಬೇಕಿತ್ತು. 38ನೇ ನಿಮಿಷಕ್ಕೆ ಮೂರು ಸಲವೂ ಲೇಬಲ್ ಬಿದ್ದಿತ್ತು. ಅಲ್ಲಿ ಬರೀ ಡ್ರಮ್ ಒಂದು ನಿಮಿಷ ಓಡುತ್ತಿತ್ತು. ಆ ಜಾಗದ ವೇಗ 128 ಬಿಪಿಎಂ, ಅಂದರೆ ನಿಮಿಷಕ್ಕೆ 128 ಬೀಟ್. ನಾಲ್ಕು ಬೀಟ್ ಸೇರಿದರೆ ಒಂದು ಬಾರ್. 128ರಲ್ಲಿ 32 ಬಾರ್ ಅಂದರೆ ಸರಿಯಾಗಿ 60 ಸೆಕೆಂಡ್, 16 ಬಾರ್ ಅಂದರೆ ಸರಿಯಾಗಿ 30. ಕಿಕ್ (ದಪ್ಪ ಡ್ರಮ್ಮಿನ ಹೊಡೆತ) ಬೀಳುವ ಜಾಗಕ್ಕೆ ಕರ್ಸರ್ ಇಟ್ಟು, ಕೆಳಗಿನ ಪಟ್ಟಿಯಲ್ಲಿ ಆಯ್ಕೆಯ ಉದ್ದ 30.000 ಸೆಕೆಂಡ್ ಅಂತ ಬರೆದು ಡಿಲೀಟ್ ಒತ್ತಿದೆ. ಜೋಡಣೆ ಎಲ್ಲಿದೆ ಅಂತ ಈಗ ನನಗೇ ಗೊತ್ತಾಗಲ್ಲ. 29 ಅಥವಾ 31 ತೆಗೆದಿದ್ದರೆ ಕುಣಿಯುತ್ತಿರುವವರ ಕಾಲು ತೊಡರುತ್ತಿತ್ತು. ಹೀಗೆ ಕತ್ತರಿಸುವಾಗ ಸಿಂಕ್-ಲಾಕ್ ಹಾಕಿಡಿ. ಇಲ್ಲದಿದ್ದರೆ ಧ್ವನಿ ಹಿಂದೆ ಸರಿಯುತ್ತದೆ, ಲೇಬಲ್‌ಗಳು ಇದ್ದಲ್ಲೇ ಉಳಿಯುತ್ತವೆ.

ಆಗದ ಕೆಲಸಗಳೂ ಇವೆ. ಎರಡು ಹಾಡು ಒಂದಾಗಿ ರೆಕಾರ್ಡ್ ಆದ ಮೇಲೆ ಕೆಟ್ಟ ಟ್ರಾನ್ಸಿಷನ್ (ಒಂದು ಹಾಡಿಂದ ಇನ್ನೊಂದಕ್ಕೆ ದಾಟುವ ಜಾಗ) ಇಲ್ಲಿ ಸರಿಯಾಗಲ್ಲ. ಗಿಡ್ಡ ಮಾಡಬಹುದು, ಇಲ್ಲಾ ಮತ್ತೆ ಡೆಕ್ ಮುಂದೆ ನಿಂತು ಮಿಕ್ಸ್ ಮಾಡಬೇಕು. ಲೇಬಲ್‌ಗಳನ್ನು ಟೆಕ್ಸ್ಟ್ ಫೈಲ್ ಆಗಿ ತೆಗೆದರೆ ಸಮಯ ಬರುವುದು ಬರೀ ಸೆಕೆಂಡ್‌ನಲ್ಲಿ. 2304 ಅಂದರೆ 38 ನಿಮಿಷ 24 ಸೆಕೆಂಡ್ ಅಂತ ನೀವೇ ಲೆಕ್ಕ ಹಾಕಬೇಕು. ಪ್ರಾಜೆಕ್ಟ್ ಫೈಲ್ ದಪ್ಪ, ಆಡಾಸಿಟಿ ಒಳಗೆ 32 ಬಿಟ್‌ನಲ್ಲಿ ಇಡುವುದರಿಂದ ಸಿಡಿಯ 44.1 ಕಿಲೋಹರ್ಟ್ಸ್‌ನಲ್ಲೇ ಇಟ್ಟರೂ ಗಂಟೆಗೆ ಸುಮಾರು 1.3 ಜಿಬಿ.

ಎಲ್ಲರೂ 66 ನಿಮಿಷವೇ ಮಾಡಿ ಅಂತ ನಾನು ಹೇಳುತ್ತಿಲ್ಲ. ರೇಡಿಯೋದವರು ಒಂದು ಗಂಟೆ ಕೊಟ್ಟರೆ 60 ಅಂದರೆ 60. ಕೆಲಸ ಕೇಳಿಕೊಂಡು ಕ್ಲಬ್‌ಗೆ ಕಳಿಸುವುದಾದರೆ 30 ಸಾಕು, ಒಳ್ಳೆಯದನ್ನು ಮೊದಲ ಐದು ನಿಮಿಷದಲ್ಲೇ ಇಡಿ. ನಿಧಾನಕ್ಕೆ ಬಿಚ್ಚಿಕೊಳ್ಳುವ ಸಂಗೀತಕ್ಕೆ ಮೂರು ಗಂಟೆಯೂ ಜಾಸ್ತಿ ಅಲ್ಲ, ಲೇಬಲ್ ಬೀಳದಿದ್ದರೆ.

ತೆಗೆದ 11 ಹಾಡು ಒಂದು ಫೋಲ್ಡರ್‌ನಲ್ಲಿವೆ. ಆ 1 ಗಂಟೆ 24ನೇ ನಿಮಿಷದ ಹಾಡಿಂದಲೇ ಮುಂದಿನ ಮಿಕ್ಸ್ ಶುರು ಮಾಡಬೇಕು ಅಂತಿದ್ದೇನೆ. ನಿನ್ನೆ ಈ ಮಿಕ್ಸ್ ಮತ್ತೆ ಕೇಳಿದೆ. 51ನೇ ನಿಮಿಷದಲ್ಲಿ ಒಂದು ಲೇಬಲ್ ಬಿತ್ತು. ಅಲ್ಲಿ ಹೈಹ್ಯಾಟ್‌ನ (ಡ್ರಮ್ ಸೆಟ್ಟಿನ ತಾಳದ) ಸದ್ದು ಸ್ವಲ್ಪ ಚುಚ್ಚುತ್ತಿದೆ ಅನಿಸುತ್ತದೆ. ಇವತ್ತು ರಾತ್ರಿ ಅದನ್ನು ನೋಡಬೇಕು.